ಮಗುವಿನ ವಕೀಲರು ಮಗುವಿನ ಪರವೇ ನಿಲ್ಲಲಿ

ನಮ್ಮ ಮೊಹಲ್ಲಾದ ಹದಿನಾರು ಹದಿನೇಳರ ಹುಡುಗನೊಬ್ಬನನ್ನು ಪೊಲೀಸರು ಕರೆದುಕೊಂಡು ಹೋದರೆ ಮೊದಲ ಒಂದು ಗಂಟೆಯಲ್ಲಿ ಆ ಮನೆಯಿಂದ ಎಷ್ಟು ಫೋನ್ ಹೋಗುತ್ತದೆ ಎಂದು ಲೆಕ್ಕ ಹಾಕಿ ನೋಡಿ. ಜಮಾಅತ್ ಅಧ್ಯಕ್ಷರಿಗೆ ಒಂದು, ವಾರ್ಡಿನ ಸದಸ್ಯರಿಗೆ ಒಂದು, ಪಕ್ಷದ ನಾಯಕರಿಗೆ ಒಂದು, ‘ಎಸ್ಸೈ ನನಗೆ ಪರಿಚಯ ಉಂಟು’ ಎನ್ನುವ ದೂರದ ಸಂಬಂಧಿಗೆ ಒಂದು, ದುಬೈಯಲ್ಲೋ ದಮ್ಮಾಮಿನಲ್ಲೋ ಇರುವ ಬಾಪನಿಗೆ ಒಂದು. ಮದ್ರಸದಲ್ಲಿ ಪಾಠ ಹೇಳುವ ನಮಗೂ ಒಂದು ಬರುತ್ತದೆ. ಹೋಗದೆ ಉಳಿಯುವ ಫೋನ್ ಒಂದೇ. ಅದು ಆ ಹುಡುಗನಿಗೆ ಸರಕಾರವೇ ಕೊಡಬೇಕಾದ ವಕೀಲರಿಗೆ ಹೋಗಬೇಕಾದ ಫೋನ್.

ಹೀಗೊಬ್ಬ ವಕೀಲರು ಇದ್ದಾರೆ ಎಂಬುದೇ ಹಲವು ಮನೆಗಳಿಗೆ ಗೊತ್ತಿಲ್ಲ. ಗೊತ್ತಿದ್ದವರು ‘ಬಿಟ್ಟಿ ವಕೀಲ, ಅವರಿಂದ ಎಂತ ಆಗ್ತದೆ’ ಎಂದು ಬಿಡುತ್ತಾರೆ. ಆದ್ದರಿಂದ ಈ ವಾರ ಅವರ ಕೆಲಸದ ಬಗ್ಗೆಯೇ ಬರೆಯೋಣ ಎಂದುಕೊಂಡೆವು. 18 ವರ್ಷ ತುಂಬದವರ ಮೇಲೆ ಪ್ರಕರಣ ಬಂದರೆ ಅದು ಮಾಮೂಲಿ ಕೋರ್ಟಿಗೆ ಹೋಗುವುದಿಲ್ಲ, ಬಾಲನ್ಯಾಯ ಮಂಡಳಿಗೆ ಹೋಗುತ್ತದೆ. ಅಲ್ಲಿ ಒಬ್ಬರು ಮ್ಯಾಜಿಸ್ಟ್ರೇಟ್, ಇಬ್ಬರು ಸಮಾಜ ಕಾರ್ಯಕರ್ತರು ಇರುತ್ತಾರೆ. ಆ ಇಬ್ಬರಲ್ಲಿ ಒಬ್ಬರಾದರೂ ಮಹಿಳೆ ಇರಲೇಬೇಕು. ಮಗುವಿಗೆ ವಕೀಲರು ಸಿಗುವಂತೆ ನೋಡಿಕೊಳ್ಳುವುದು ಆ ಮಂಡಳಿಯದ್ದೇ ಹೊಣೆ ಎಂದು 2015ರ ಬಾಲನ್ಯಾಯ ಕಾಯ್ದೆ ಹೇಳುತ್ತದೆ. ವಕೀಲರನ್ನು ಕೊಡುವುದು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ. ಇದಕ್ಕೆ ಬಿಪಿಎಲ್ ಕಾರ್ಡ್ ಬೇಡ, ಆದಾಯ ಸರ್ಟಿಫಿಕೇಟ್ ಬೇಡ. 1987ರ ಕಾನೂನು ಸೇವಾ ಪ್ರಾಧಿಕಾರ ಕಾಯ್ದೆಯಂತೆ ಮಹಿಳೆಗೂ ಮಗುವಿಗೂ ಆದಾಯ ನೋಡದೆಯೇ ಉಚಿತ ವಕೀಲರ ಹಕ್ಕು ಉಂಟು. ಆರೋಪಿ ಬಾಯಿಬಿಟ್ಟು ಕೇಳಲಿಲ್ಲ ಎಂಬ ಕಾರಣಕ್ಕೆ ಅದನ್ನು ತಪ್ಪಿಸುವ ಹಾಗಿಲ್ಲ ಎಂದು ಸುಪ್ರೀಂ ಕೋರ್ಟ್ 1986ರಲ್ಲೇ ಸುಕ್ ದಾಸ್ ಪ್ರಕರಣದಲ್ಲಿ ಹೇಳಿ ಆಗಿದೆ.

ಈ ವಕೀಲರು ಯಾರ ಪರ? ಎಲ್ಲ ಗೊಂದಲ ಇರುವುದು ಇಲ್ಲೇ. ವಕಾಲತ್ತಿಗೆ ಸಹಿ ಹಾಕುವವರು ಹೆತ್ತವರಾಗಿರಬಹುದು. ಹಾಗೆಂದು ಅವರು ಬಾಪನ ವಕೀಲರಲ್ಲ, ಮನೆತನದ ಮಾನದ ವಕೀಲರಲ್ಲ, ಜಮಾಅತಿನ ವಕೀಲರೂ ಅಲ್ಲ. ಅವರು ಹುಡುಗನ ವಕೀಲರು. ಮಗುವಿನ ಮಾತು ಕೇಳಿಯೇ ಮುಂದಿನ ತೀರ್ಮಾನ ಆಗಬೇಕು ಎಂಬುದು ಕಾಯ್ದೆಯ 3ನೇ ಸೆಕ್ಷನ್‌ನಲ್ಲಿ ಬರೆದಿರುವ ತತ್ವಗಳಲ್ಲಿ ಒಂದು. ಇದನ್ನು ನಮ್ಮ ಮನೆಗಳು ಒಪ್ಪಿಕೊಂಡರೆ ಅರ್ಧ ಕೆಲಸ ಆದಂತೆ.

ಅವರ ಕೆಲಸ ಹೇಗಿರುತ್ತದೆ ನೋಡಿ. ಬೆಳಗ್ಗೆ ಮಂಡಳಿಗೆ ಬಂದರೆ ಕೈಯಲ್ಲಿ ಒಂದಕ್ಕಿಂತ ಹೆಚ್ಚು ಮಕ್ಕಳ ಕಾಗದ. ಬೆಂಚಿನ ಮೇಲೆ ಹುಡುಗ, ಪಕ್ಕದಲ್ಲಿ ಉಮ್ಮ, ಉಮ್ಮನ ಹಿಂದೆ ನಾಲ್ಕು ಜನ ಸಂಬಂಧಿಕರು. ಹುಡುಗನಿಗೆ ಪ್ರಶ್ನೆ ಕೇಳಿದರೆ ಉತ್ತರ ಬರುವುದು ಸಂಬಂಧಿಕರಿಂದ. ಹಾಗಾಗಿ ವಕೀಲರು ಮೊದಲು ಮಾಡುವ ಕೆಲಸ, ‘ನೀವು ಸ್ವಲ್ಪ ಹೊರಗೆ ಕೂತ್ಕೊಳ್ಳಿ’ ಎನ್ನುವುದು. ನಮ್ಮವರಿಗೆ ಸಿಟ್ಟು ಬರುವುದು ಈ ಮಾತಿಗೇ. ಹೆತ್ತ ತಾಯಿಯನ್ನೇ ಹೊರಗೆ ಕಳಿಸುವುದಾ ಎಂದು. ಆದರೆ ಬಾಪನ ಎದುರು ಸಿಗರೇಟು ಸೇದಿದ್ದನ್ನೇ ಹೇಳದ ಹುಡುಗ, ಆ ರಾತ್ರಿ ಯಾರ ಬೈಕಿನಲ್ಲಿ ಕೂತಿದ್ದ, ಬ್ಯಾಗ್ ಯಾರು ಕೊಟ್ಟರು ಎಂದು ಬಾಪನ ಎದುರು ಹೇಳುತ್ತಾನಾ? ಒಬ್ಬನೇ ಇರುವಾಗ ಹೇಳಿದ ಆ ಮಾತು ವಕೀಲರ ಬಳಿ ಅಮಾನತ್ತು. ಅದನ್ನು ಅವರು ಪೊಲೀಸರಿಗೆ ಹೇಳುವ ಹಾಗಿಲ್ಲ. ನಮಗೆ ಹೇಳಬೇಕೆಂದು ನಾವೂ ಒತ್ತಾಯ ಮಾಡಬಾರದು.

ಆಮೇಲೆ ಅವರು ಕಾಗದ ನೋಡುತ್ತಾರೆ. ಹಿಡಿದದ್ದು ಎಷ್ಟು ಗಂಟೆಗೆ, ಮಂಡಳಿಯ ಎದುರು ತಂದದ್ದು ಎಷ್ಟು ಗಂಟೆಗೆ? 24 ಗಂಟೆ ಮೀರುವ ಹಾಗಿಲ್ಲ. ಲಾಕಪ್ಪಿನಲ್ಲಿ ಇಟ್ಟಿದ್ದರಾ, ಬೇಡಿ ಹಾಕಿದ್ದರಾ, ಹೊಡೆದಿದ್ದಾರಾ? ಯಾವ ಕಾಗದಕ್ಕಾದರೂ ಸಹಿ ಮಾಡಿಸಿಕೊಂಡರಾ? 2016ರ ಮಾದರಿ ನಿಯಮಗಳಂತೆ ಪೊಲೀಸರು ಮಗುವಿನ ಹೇಳಿಕೆಗೆ ಸಹಿ ಕೇಳುವ ಹಾಗಿಲ್ಲ, ತಪ್ಪೊಪ್ಪಿಕೊಳ್ಳಲು ಒತ್ತಾಯಿಸುವ ಹಾಗಿಲ್ಲ. ಉಚಿತ ವಕೀಲರಿಗಾಗಿ ಕಾನೂನು ಸೇವಾ ಪ್ರಾಧಿಕಾರಕ್ಕೆ ವಿಷಯ ಮುಟ್ಟಿಸಬೇಕಾದವರೂ ಪೊಲೀಸರೇ. ಇದೆಲ್ಲ ಪುಸ್ತಕದಲ್ಲಿ ಉಂಟು. ಪುಸ್ತಕದಲ್ಲಿ ಇರುವುದು ಠಾಣೆಯಲ್ಲಿ ನಡೆಯಿತೇ ಎಂದು ಕೇಳಲು ಒಬ್ಬರು ಬೇಕಲ್ಲ, ಅವರೇ ಈ ವಕೀಲರು.

‘ಬಾಲನ್ಯಾಯ ಮಂಡಳಿ ಮಕ್ಕಳನ್ನು ತಿದ್ದುವ ಜಾಗ, ಶಿಕ್ಷೆ ಕೊಡುವ ಕೋರ್ಟ್ ಅಲ್ಲ. ಮ್ಯಾಜಿಸ್ಟ್ರೇಟರೂ ತಂದೆಯ ಹಾಗೆ ನೋಡ್ತಾರೆ. ಅಲ್ಲಿ ವಕೀಲ ಎಂತಕ್ಕೆ?’ ಎಂದು ಕೇಳುವವರಿದ್ದಾರೆ. ಈ ಪ್ರಶ್ನೆ ನಮ್ಮಲ್ಲಿ ಹೊಸತಲ್ಲ, ಅಮೆರಿಕದಲ್ಲಿ ಬಹಳ ಕಾಲ ಇದೇ ಮಾತು ನಡೆದಿತ್ತು. ಅಲ್ಲಿ ಮಕ್ಕಳ ಕೋರ್ಟ್ ಶುರುವಾದದ್ದು 1899ರಲ್ಲಿ, ಚಿಕಾಗೋದಲ್ಲಿ. ಜಡ್ಜ್ ತಂದೆಯ ಸ್ಥಾನದಲ್ಲಿ ಇರುವಾಗ ವಕೀಲರ ವಾದ ಯಾಕೆ ಎಂಬುದೇ ಅದರ ನಂಬಿಕೆ. 1964ರಲ್ಲಿ ಅರಿಜೋನಾ ರಾಜ್ಯದ ಜೆರಾಲ್ಡ್ ಗಾಲ್ಟ್ ಎಂಬ 15 ವರ್ಷದ ಹುಡುಗನನ್ನು, ನೆರೆಮನೆಯ ಹೆಂಗಸಿಗೆ ಫೋನ್ ಮಾಡಿ ಅಸಭ್ಯವಾಗಿ ಮಾತಾಡಿದ ಎಂದು ಪೊಲೀಸರು ಹಿಡಿದರು. ತಂದೆ ತಾಯಿ ಕೆಲಸಕ್ಕೆ ಹೋಗಿದ್ದರು, ಅವರಿಗೆ ತಿಳಿಸಲಿಲ್ಲ. ವಕೀಲರಿಲ್ಲ. ದೂರು ಕೊಟ್ಟ ಹೆಂಗಸು ಕೋರ್ಟಿಗೆ ಬರಲೇ ಇಲ್ಲ. ಮಾತಾಡಿದ್ದನ್ನು ಯಾರೂ ಬರೆದಿಡಲಿಲ್ಲ. ಕೊನೆಗೆ 21 ವರ್ಷ ಆಗುವವರೆಗೆ ಸುಧಾರಣಾ ಶಾಲೆಯಲ್ಲಿ ಇರಬೇಕೆಂದು ಆದೇಶ ಆಯಿತು. ಅದೇ ತಪ್ಪನ್ನು ದೊಡ್ಡವರು ಮಾಡಿದ್ದರೆ 5ರಿಂದ 50 ಡಾಲರ್ ದಂಡ, ಇಲ್ಲವೇ ಹೆಚ್ಚೆಂದರೆ ಎರಡು ತಿಂಗಳು ಜೈಲು!

ಈ ಪ್ರಕರಣ ಅಮೆರಿಕದ ಸುಪ್ರೀಂ ಕೋರ್ಟಿಗೆ ಹೋಯಿತು. ಬಂಧನದಲ್ಲಿಡುವ ಸಂಭವ ಇರುವ ಮಗುವಿಗೂ ವಕೀಲರ ಹಕ್ಕು ಉಂಟು, ಹೆತ್ತವರಿಗೆ ಖರ್ಚು ಮಾಡಲು ಆಗದಿದ್ದರೆ ಕೋರ್ಟೇ ವಕೀಲರನ್ನು ಕೊಡಬೇಕು ಎಂದು 1967ರ ಮೇ 15ರಂದು ತೀರ್ಪು ಬಂತು. ಮಕ್ಕಳ ಕೋರ್ಟಿನಲ್ಲಿ ಸರಕಾರಿ ಖರ್ಚಿನ ವಕೀಲರು ಕೆಲಸ ಮಾಡುವುದಕ್ಕೆ ಅಲ್ಲಿ ಈ ತೀರ್ಪೇ ದಾರಿ ಮಾಡಿತು. ಇದರಿಂದ ನಾವು ತಿಳಿಯಬೇಕಾದದ್ದು ಇಷ್ಟೇ: ಎದುರು ಕೂತವರು ಎಷ್ಟೇ ದಯೆ ಇರುವವರಾದರೂ, ಮಗುವಿನ ಪಕ್ಕದಲ್ಲಿ ಕೂತು ಅವನ ಪರ ಕೇಳುವ ಒಬ್ಬರು ಬೇಕು. ನಮ್ಮ ದೇಶದಲ್ಲೂ ಸಂಬಳ ಕೊಟ್ಟು ಪೂರ್ಣಾವಧಿ ವಕೀಲರನ್ನು ನೇಮಿಸಿ ಬಡ ಆರೋಪಿಗಳ ಪರ ನಿಲ್ಲಿಸುವ ವ್ಯವಸ್ಥೆಯನ್ನು ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ 2022ರಿಂದ ಜಿಲ್ಲೆಗಳಿಗೆ ತರುತ್ತಾ ಇದೆ.

ಈಗ ನಮ್ಮ ಮನೆಗಳಿಗೆ ಬರೋಣ. ಬಾಪ ಗಲ್ಫಿನಿಂದ ಫೋನಿನಲ್ಲಿ ಹೇಳುವ ಮಾತು, ‘ತಪ್ಪಾಯ್ತು ಅಂತ ಒಪ್ಕೊಂಡು ಬಿಡ್ಲಿ, ವಿಷಯ ಮುಗೀಲಿ, ಊರಲ್ಲಿ ಮರ್ಯಾದೆ ಹೋಗ್ತದೆ.’ ಊರಿನ ಹಿರಿಯರೂ ಅದನ್ನೇ ಹೇಳುತ್ತಾರೆ. ಒಳ್ಳೆ ಮನಸ್ಸಿನಿಂದಲೇ ಹೇಳುವುದು, ಸಂಶಯ ಇಲ್ಲ. ಆದರೆ ವಕೀಲರು ಅದಕ್ಕೆ ‘ಸ್ವಲ್ಪ ತಡೀರಿ’ ಎನ್ನುತ್ತಾರೆ. ಯಾಕೆಂದರೆ ಏನನ್ನು ಒಪ್ಪಿಕೊಳ್ಳುತ್ತಿದ್ದಾನೆ ಎಂಬುದು ಆ ಹುಡುಗನಿಗೂ ಗೊತ್ತಿರುವುದಿಲ್ಲ, ಬಾಪನಿಗೂ ಗೊತ್ತಿರುವುದಿಲ್ಲ.

ಒಂದು ಉದಾಹರಣೆ ಕೊಡುತ್ತೇವೆ. ಹದಿನೇಳರ ಹುಡುಗನೊಬ್ಬನಿಗೆ ಪರಿಚಯದವನು ಒಂದು ಪೊಟ್ಟಣ ಕೊಟ್ಟು ‘ಅಲ್ಲಿ ತನಕ ಮುಟ್ಟಿಸು’ ಎನ್ನುತ್ತಾನೆ ಎಂದಿಟ್ಟುಕೊಳ್ಳಿ. ಒಳಗಿರುವುದು ಎಂಡಿಎಂಎ. ಅರ್ಧ ಗ್ರಾಂವರೆಗೆ ಇದ್ದರೆ ಕಾನೂನಿನ ಪ್ರಕಾರ ಅದು ಸಣ್ಣ ಪ್ರಮಾಣ, ಹೆಚ್ಚೆಂದರೆ ಒಂದು ವರ್ಷದ ಶಿಕ್ಷೆಯ ಅಪರಾಧ. 10 ಗ್ರಾಂ ದಾಟಿದರೆ ಅದು ವಾಣಿಜ್ಯ ಪ್ರಮಾಣ. ಕಡಿಮೆ ಎಂದರೂ 10 ವರ್ಷದ ಶಿಕ್ಷೆ ಇರುವ ಅಪರಾಧ. ಕನಿಷ್ಠ ಶಿಕ್ಷೆ 7 ವರ್ಷವೋ ಅದಕ್ಕಿಂತ ಹೆಚ್ಚೋ ಇದ್ದರೆ ಬಾಲನ್ಯಾಯ ಕಾಯ್ದೆ ಅದನ್ನು ‘ಘೋರ ಅಪರಾಧ’ ಎನ್ನುತ್ತದೆ. 16 ತುಂಬಿದ ಹುಡುಗನ ಮೇಲೆ ಘೋರ ಅಪರಾಧದ ಆರೋಪ ಬಂದರೆ, ಅವನನ್ನು ದೊಡ್ಡವರ ಹಾಗೆ ವಿಚಾರಣೆ ಮಾಡಬೇಕೇ ಎಂದು ಮಂಡಳಿ ಪ್ರಾಥಮಿಕ ಪರಿಶೀಲನೆ ಮಾಡಬೇಕಾಗುತ್ತದೆ. ಪೊಟ್ಟಣದ ತೂಕ ಒಂದೇ ಅವನ ದಾರಿ ಬದಲಿಸಬಹುದು. ‘ಒಪ್ಕೊಂಡು ಬಿಡು’ ಎಂದು ಹೇಳುವವರಲ್ಲಿ ತೂಕದ ಕಾಗದ ನೋಡಿದವರು ಎಷ್ಟು ಜನ?

ಹದಿನೇಳರ ಹುಡುಗ, ಹದಿನೇಳರ ಹುಡುಗಿ ಮನೆ ಬಿಟ್ಟು ಹೋದ ಪ್ರಕರಣಗಳಲ್ಲೂ ಇದೇ. ಇಬ್ಬರೂ ಇಷ್ಟಪಟ್ಟೇ ಹೋದದ್ದಾದರೂ ಪೋಕ್ಸೋ ಕಾಯ್ದೆ 18ರ ಒಳಗಿನ ಹುಡುಗಿಯ ಒಪ್ಪಿಗೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. 2019ರ ತಿದ್ದುಪಡಿಯ ನಂತರ ಅದರ ದೊಡ್ಡ ಸೆಕ್ಷನ್‌ಗೆ ಕನಿಷ್ಠ ಶಿಕ್ಷೆಯೇ 10 ವರ್ಷ. ಅಂದರೆ ಅದೂ ಘೋರ ಅಪರಾಧದ ಪಟ್ಟಿಗೆ ಬರುತ್ತದೆ.

ಈ ಪ್ರಾಥಮಿಕ ಪರಿಶೀಲನೆಯ ದಿನವೇ ವಕೀಲರ ಕೆಲಸ ಅತ್ಯಂತ ಭಾರ. ಹುಡುಗ ತಪ್ಪು ಮಾಡಿದನೋ ಇಲ್ಲವೋ ಎಂಬುದು ಆ ದಿನದ ಪ್ರಶ್ನೆ ಅಲ್ಲ. ಅವನ ಮನಸ್ಸು, ದೇಹ ಅಂಥ ಕೃತ್ಯಕ್ಕೆ ಬೆಳೆದಿತ್ತೇ, ಅದರ ಪರಿಣಾಮ ಅವನಿಗೆ ಅರ್ಥ ಆಗುತ್ತಿತ್ತೇ, ಯಾವ ಪರಿಸ್ಥಿತಿಯಲ್ಲಿ ನಡೆಯಿತು ಎಂಬುದು ಪ್ರಶ್ನೆ. ಇದು ನಾಜೂಕಿನ ಕೆಲಸ, ಮಂಡಳಿಯಲ್ಲಿ ಮಕ್ಕಳ ಮನಶ್ಶಾಸ್ತ್ರ ತಿಳಿದವರು ಇಲ್ಲದಿದ್ದರೆ ತಜ್ಞರ ಸಹಾಯ ಪಡೆಯಲೇಬೇಕು ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ತಜ್ಞರ ವರದಿಯ ಪ್ರತಿ ಕೇಳುವುದು, ಅದರಲ್ಲಿ ತಪ್ಪಿದ್ದರೆ ಎತ್ತಿ ತೋರಿಸುವುದು ವಕೀಲರೇ. ಆದೇಶ ವಿರುದ್ಧ ಬಂದರೆ 30 ದಿನದೊಳಗೆ ಮೇಲ್ಮನವಿ ಹಾಕಬೇಕು. 2024ರಲ್ಲಿ ಕರ್ನಾಟಕದ್ದೇ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಅವಧಿಯನ್ನು ಸ್ಪಷ್ಟ ಮಾಡಿದೆ. ಆ ಪ್ರಕರಣ ದಿಲ್ಲಿಯವರೆಗೆ ಹೋದದ್ದು ಹುಡುಗನ ತಾಯಿಯ ಹೆಸರಿನಲ್ಲಿ. ‘ಮಾತುಕತೆ ಮಾಡಿ ಸರಿ ಮಾಡುವ’ ಎಂದು ಕಾಯುತ್ತಾ ಕೂತರೆ 30 ದಿನ ಹೋದದ್ದೇ ಗೊತ್ತಾಗುವುದಿಲ್ಲ.

ವಯಸ್ಸಿನ ವಿಷಯ ನಮ್ಮ ಮನೆಗಳು ವಿಶೇಷವಾಗಿ ಗಮನಿಸಬೇಕು. ಕೃತ್ಯ ನಡೆದ ದಿನ ವಯಸ್ಸು ಎಷ್ಟಿತ್ತು ಎಂಬುದೇ ಲೆಕ್ಕ. ಸಂಶಯ ಬಂದರೆ ಮೊದಲು ನೋಡುವುದು ಶಾಲೆಯ ಜನ್ಮದಿನಾಂಕದ ಪ್ರಮಾಣಪತ್ರ ಅಥವಾ ಎಸೆಸೆಲ್ಸಿ ಅಂಕಪಟ್ಟಿ. ಅದಿಲ್ಲದಿದ್ದರೆ ಪಂಚಾಯತ್, ಪುರಸಭೆ ಅಥವಾ ಪಾಲಿಕೆಯ ಜನನ ಪ್ರಮಾಣಪತ್ರ. ಯಾವುದೂ ಇಲ್ಲದಿದ್ದರೆ ಮಾತ್ರ ಎಲುಬಿನ ಪರೀಕ್ಷೆ. ಒಂದನೇ ಕ್ಲಾಸಿಗೆ ಬೇಗ ಸೇರಿಸಲಿಕ್ಕೆಂದು ವಯಸ್ಸನ್ನು ಆರು ತಿಂಗಳೋ ಒಂದು ವರ್ಷವೋ ಹೆಚ್ಚು ಬರೆಸಿದ ಮನೆಗಳು ಎಷ್ಟಿಲ್ಲ? ಆವತ್ತು ಸಣ್ಣ ಅನುಕೂಲ ಅನಿಸಿದ ಆ ಅಂಕೆ, ನಿಜವಾಗಿ 17 ವರ್ಷದ ಹುಡುಗನನ್ನು ಕಾಗದದಲ್ಲಿ 18 ಮಾಡಿ ದೊಡ್ಡವರ ಜೈಲಿನ ಬಾಗಿಲಿಗೆ ತಂದು ನಿಲ್ಲಿಸುತ್ತದೆ. ಇಂಥದ್ದು ಏನಾದರೂ ಇದ್ದರೆ ಮುಚ್ಚಿಡದೆ ವಕೀಲರಿಗೆ ಮೊದಲ ದಿನವೇ ಹೇಳಬೇಕು.

ಇನ್ನು ಗಲ್ಫಿನ ಚಿಂತೆ. ‘ಕೇಸ್ ಆದ್ರೆ ಪಾಸ್‌ಪೋರ್ಟ್ ಹೋಯ್ತು, ಪೊಲೀಸ್ ಸರ್ಟಿಫಿಕೇಟ್ ಸಿಗುದಿಲ್ಲ, ಮಗನ ಜೀವನ ಮುಗೀತು’ ಎಂಬ ಭಯದಲ್ಲೇ ಎಷ್ಟೋ ಮನೆಯವರು ಮಧ್ಯವರ್ತಿಗಳ ಕೈಗೆ ದುಡ್ಡು ಹಾಕುತ್ತಾರೆ. ಕಾಯ್ದೆ ಏನು ಹೇಳುತ್ತದೆ? ಬಾಲನ್ಯಾಯ ಕಾಯ್ದೆಯಡಿ ಮಂಡಳಿ ತೀರ್ಮಾನಿಸಿದ ಪ್ರಕರಣದಿಂದ ಮಗುವಿಗೆ ಮುಂದೆ ಯಾವ ಅನರ್ಹತೆಯೂ ಬರಬಾರದು ಎಂದು 24ನೇ ಸೆಕ್ಷನ್ ಹೇಳುತ್ತದೆ. ನಿಗದಿತ ಅವಧಿ ಕಳೆದ ಮೇಲೆ ದಾಖಲೆಯನ್ನೇ ನಾಶ ಮಾಡಬೇಕು. ಮುಗಿದ ಪ್ರಕರಣವನ್ನು ನಡತೆ ಪ್ರಮಾಣಪತ್ರಕ್ಕಾಗಿ ಪೊಲೀಸರು ಬಹಿರಂಗ ಮಾಡುವ ಹಾಗಿಲ್ಲ ಎಂದು 74ನೇ ಸೆಕ್ಷನ್ ಹೇಳುತ್ತದೆ. ಆದರೆ 16 ದಾಟಿದ ಹುಡುಗನನ್ನು ದೊಡ್ಡವರ ಹಾಗೆ ವಿಚಾರಿಸಿ ಅಪರಾಧಿ ಎಂದರೆ 24ನೇ ಸೆಕ್ಷನ್‌ನ ಈ ರಕ್ಷಣೆ ಅವನಿಗೆ ಸಿಗುವುದಿಲ್ಲ. ಮಗನ ಗಲ್ಫ್ ದಾರಿ ಉಳಿಸುವವರು ಯಾರು ಎಂದು ಈಗ ಯೋಚಿಸಿ. ಪ್ರಕರಣ ಮಂಡಳಿಯಲ್ಲೇ ಉಳಿಯಬೇಕು ಎಂದು ವಾದ ಮಾಡುವ ಆ ‘ಬಿಟ್ಟಿ’ ವಕೀಲರೇ ಅಲ್ಲವೇ?

ಇದೇ 74ನೇ ಸೆಕ್ಷನ್ ನಮ್ಮ ಮೊಹಲ್ಲಾದ ವಾಟ್ಸಾಪ್ ಗ್ರೂಪುಗಳಿಗೂ ಅನ್ವಯ. ಸಿಕ್ಕಿಬಿದ್ದ ಹುಡುಗನ ಹೆಸರು, ಫೋಟೋ, ಶಾಲೆ, ಮನೆ ಗೊತ್ತಾಗುವ ಹಾಗೆ ಯಾವ ಮಾಧ್ಯಮದಲ್ಲೂ ಹಾಕಬಾರದು. ಹಾಕಿದರೆ ಆರು ತಿಂಗಳವರೆಗೆ ಜೈಲು ಅಥವಾ ಎರಡು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ವಕೀಲರು ಮಂಡಳಿಯೊಳಗೆ ಕಾಪಾಡಿದ ಹೆಸರನ್ನು ಹೊರಗೆ ನಮ್ಮವರೇ ಫಾರ್ವರ್ಡ್ ಮಾಡಿ ಹಾಳು ಮಾಡಿದರೆ ಏನು ಪ್ರಯೋಜನ?

ಒಂದು ಪ್ರಶ್ನೆ ಉಳಿಯುತ್ತದೆ, ಅದು ನ್ಯಾಯವಾದ ಪ್ರಶ್ನೆಯೇ. ‘ಹುಡುಗ ನಿಜವಾಗಿಯೂ ಕದ್ದಿದ್ದರೆ? ನಿಜವಾಗಿಯೂ ಹೊಡೆದಿದ್ದರೆ? ಅಂಥವನ ಪರ ವಾದ ಮಾಡುವುದು ಸರಿಯಾ? ಕಳಕೊಂಡವರ ಗತಿ ಏನು?’ ಕಳಕೊಂಡವರ ನೋವು ಸಣ್ಣದಲ್ಲ. ಅವರ ಪರ ಸರಕಾರಿ ಅಭಿಯೋಜಕರು ಇರುತ್ತಾರೆ, ಪೊಲೀಸರು ಇರುತ್ತಾರೆ. ವಕೀಲರು ಸುಳ್ಳು ಹೇಳಲು ನಿಂತವರಲ್ಲ, ಸಾಕ್ಷಿ ತಯಾರು ಮಾಡಲು ನಿಂತವರಲ್ಲ. ಆರೋಪವನ್ನು ರುಜು ಮಾಡಿ ತೋರಿಸಿ ಎಂದು ಕೇಳುವುದು ಅವರ ಮೊದಲ ಕೆಲಸ. ರುಜುವಾದರೆ, ಆ ಹುಡುಗನಿಗೆ ಯಾವ ಕ್ರಮ ಸರಿ ಎಂದು ಹೇಳುವುದು ಎರಡನೆಯ ಕೆಲಸ. ಎಚ್ಚರಿಕೆ ಕೊಟ್ಟು ಕಳಿಸುವುದು, ಆಪ್ತ ಸಲಹೆ, ಸಮುದಾಯ ಸೇವೆ, ಹೆತ್ತವರಿಂದ ದಂಡ, ಸನ್ನಡತೆಯ ಮೇಲೆ ಬಿಡುಗಡೆ, ಕೊನೆಗೆ ಹೆಚ್ಚೆಂದರೆ ಮೂರು ವರ್ಷ ವಿಶೇಷ ಗೃಹ ಎಂದು ಮಂಡಳಿಯ ಕೈಯಲ್ಲಿ ಹಲವು ದಾರಿ ಉಂಟು. ಮಾಡಿದ ತಪ್ಪಿಗೆ ಹೊಣೆ ಹೊರಬೇಕು, ಮಾಡದ್ದಕ್ಕೆ ಹೊರಬಾರದು. ಇಷ್ಟನ್ನು ಮದ್ರಸದಲ್ಲಿ ಸಣ್ಣ ಮಕ್ಕಳಿಗೂ ನಾವು ಹೇಳಿಕೊಡುತ್ತೇವೆ.

‘ಉಚಿತ ವಕೀಲರು ಸರಿಯಾಗಿ ನೋಡುವುದಿಲ್ಲ’ ಎಂಬ ದೂರೂ ಉಂಟು. ಎಲ್ಲ ಕಡೆ ಇರುವ ಹಾಗೆ ಇಲ್ಲೂ ಉದಾಸೀನ ಮಾಡುವವರು ಇರಬಹುದು. ಹಾಗಾದರೆ ಪ್ರಾಧಿಕಾರದ ಕಾರ್ಯದರ್ಶಿಗೆ ಬರೆದು ಕೊಡಬೇಕು, ವಕೀಲರನ್ನು ಬದಲಿಸಿ ಎಂದು ಕೇಳಬೇಕು. ಕೈಯಲ್ಲಿ ದುಡ್ಡಿದ್ದರೆ ಸ್ವಂತ ವಕೀಲರನ್ನೂ ಇಟ್ಟುಕೊಳ್ಳಬಹುದು. ಆದರೆ ಉಚಿತ ವಕೀಲರ ಹೆಸರಿನಲ್ಲಿ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ. ಒಂದು ಮಾತು ನೆನಪಿರಲಿ: ಮನೆಯವರು ದಿನಾಂಕಕ್ಕೆ ಹೋಗದೆ, ಕಾಗದ ಕೊಡದೆ, ಫೋನ್ ಎತ್ತದೆ ಇದ್ದರೆ ಎಷ್ಟು ಫೀಸಿನ ವಕೀಲರಾದರೂ ಏನೂ ಮಾಡಲು ಆಗುವುದಿಲ್ಲ. ಬಾಪ ಊರಲ್ಲಿಲ್ಲದ ಮನೆಯಲ್ಲಿ ಉಮ್ಮ ಒಬ್ಬಳೇ ಸುಳ್ಯದಿಂದಲೋ ಬೆಳ್ತಂಗಡಿಯಿಂದಲೋ ಮಂಗಳೂರಿಗೆ ಹೋಗಿ ಬರುವುದು ಸುಲಭ ಅಲ್ಲ. ಜಮಾಅತ್ ಸಹಾಯ ಮಾಡಬೇಕಾದದ್ದು ಅಲ್ಲಿ. ಠಾಣೆಗೆ ನಾಲ್ಕು ಕಾರಲ್ಲಿ ಹೋಗುವ ಬದಲು, ಆ ಉಮ್ಮನ ಜೊತೆ ದಿನಾಂಕದ ದಿನ ಒಬ್ಬರು ಹೋಗಿ ಬರಲಿ. ಹುಡುಗನಿಗೆ ಕನ್ನಡ ಸರಿಯಾಗಿ ಬಾರದೆ ಬ್ಯಾರಿ ಮಾತ್ರ ಬರುವುದಾದರೆ ಅದನ್ನೂ ವಕೀಲರಿಗೆ ತಿಳಿಸಲಿ.

ಜಾಮೀನಿಗೂ ಇದು ಬೇಕು. ಮಗುವಿಗೆ ಜಾಮೀನು ಕೊಡುವುದೇ ನಿಯಮ. ಹೊರಗೆ ಬಿಟ್ಟರೆ ಕೆಟ್ಟವರ ಸಹವಾಸಕ್ಕೆ ಬೀಳುತ್ತಾನೆ, ಅವನಿಗೇ ಅಪಾಯ ಅಥವಾ ನ್ಯಾಯಕ್ಕೆ ಅಡ್ಡಿ ಆಗುತ್ತದೆ ಎಂದು ಕಂಡರೆ ಮಾತ್ರ, ಕಾರಣ ಬರೆದು ನಿರಾಕರಿಸಬಹುದು. ಆಗ ಅವನನ್ನು ಇಡುವುದು ವೀಕ್ಷಣಾಲಯದಲ್ಲಿ, ಜೈಲಿನಲ್ಲಿ ಅಲ್ಲ. ‘ಇವನನ್ನು ನೋಡಿಕೊಳ್ಳಲು ಮಾವ ಇದ್ದಾರೆ, ಕಾಲೇಜಿನ ಸೀಟು ಹಾಗೆಯೇ ಉಂಟು, ಸಂಜೆ ಮದ್ರಸಕ್ಕೆ ಬರ್ತಾನೆ’ ಎಂದು ವಕೀಲರು ಮಂಡಳಿಗೆ ತೋರಿಸಬೇಕಾದರೆ ಆ ಕಾಗದ ಕೊಡಬೇಕಾದವರು ನಾವು, ನೀವು.

ಆದ್ದರಿಂದ ಹೆತ್ತವರಲ್ಲಿ, ಜಮಾಅತ್ ಕಮಿಟಿಗಳಲ್ಲಿ ನಮ್ಮ ವಿನಂತಿ ಇಷ್ಟು. 15100 ಎಂಬ ಕಾನೂನು ಸೇವೆಯ ಸಹಾಯವಾಣಿ ಸಂಖ್ಯೆಯನ್ನು, ಮಕ್ಕಳ ಸಹಾಯವಾಣಿ 1098ನ್ನು ಮಸೀದಿ ಮತ್ತು ಮದ್ರಸದ ನೋಟಿಸ್ ಬೋರ್ಡಿನಲ್ಲಿ ದೊಡ್ಡಕ್ಷರದಲ್ಲಿ ಬರೆಸಿ. ಪುತ್ತೂರು, ಬಂಟ್ವಾಳದವರು ತಮ್ಮ ತಾಲೂಕು ಕೋರ್ಟಿನಲ್ಲಿರುವ ಕಾನೂನು ಸೇವಾ ಸಮಿತಿಗೂ ಹೋಗಬಹುದು. ವರ್ಷಕ್ಕೊಮ್ಮೆ ಹೆತ್ತವರ ಸಭೆಗೆ ಮಂಡಳಿಯಲ್ಲಿ ಕೆಲಸ ಮಾಡುವ ವಕೀಲರೊಬ್ಬರನ್ನು ಕರೆಸಿ ಮಾತಾಡಿಸಿ. ಮಕ್ಕಳ ಜನನ ಪ್ರಮಾಣಪತ್ರ, ಶಾಲೆಯ ದಾಖಲೆ ಎರಡೂ ಒಂದೇ ತಾರೀಕು ಹೇಳುತ್ತವೆಯೇ ಎಂದು ಈ ವಾರವೇ ತೆಗೆದು ನೋಡಿ. ಮತ್ತೆ, ಯಾವ ಮನೆಗೂ ಅಂಥ ದಿನ ಬಾರದಿರಲಿ, ಬಂದರೆ ಮೊದಲ ಫೋನ್ ವಕೀಲರಿಗೆ ಹೋಗಲಿ. ಅವರು ‘ಸ್ವಲ್ಪ ಹೊರಗೆ ಕೂತ್ಕೊಳ್ಳಿ’ ಎಂದರೆ ಬೇಸರ ಮಾಡದೆ ಹೊರಗೆ ಕೂತುಕೊಳ್ಳಿ. ಒಳಗೆ ಮಾತಾಡುತ್ತಿರುವುದು ನಿಮ್ಮ ಮಗ, ಕೇಳುತ್ತಿರುವವರು ಅವನ ವಕೀಲರು.